ಸಂಜೀವ ಹಂಪಯ್ಯನವರ ಪ್ರತಿ

ಕಲ್ಯಾಣಿಯವರ ಪುಸ್ತಕ ಮಾರಾಟಕ್ಕೆ ಬಂದ ದಿನ ಅದನ್ನು ಎಲ್ಲರಿಗಿಂತ ಮೊದಲು ಕೊಂಡವನು ಸಂಜೀವ. ಅವತ್ತು ಭಾನುವಾರ. ರಾಯಚೂರಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ಕಲ್ಯಾಣಿಯವರ ಮನೆ, ಆ ಮನೆಯ ಮೇಲೊಂದು ಕೋಣೆ. ಮಿರ್ಚಿ ಭಜಿ ತಿಂದ ಕೈಯನ್ನು ಕರ್ಚೀಫಿಗೆ ಒರೆಸಿಕೊಂಡು ಅವನು ಫೋನಿನ ಮೇಲೆ ಒಂದೆರಡು ಸಲ ಬೆರಳೊತ್ತಿದ, ಪುಸ್ತಕ ಅವನದಾಯಿತು.

ಆ ಕೋಣೆಯಲ್ಲಿ ಕೆಲವು ವರ್ಷಗಳಿಂದ ಪಾತ್ರದಾಟ ನಡೆಯುತ್ತಿತ್ತು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಕಾವಲುಗಾರನೋ ವೈದ್ಯಳೋ ಕಳ್ಳನೋ ಆಗಿ ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಹಲವು ಮುಖದ ದಾಳ ಹೇಳುತ್ತದೆ. ಬಯಲಾಟದ ಹಾಗೆ ವೇಷವಿಲ್ಲ, ನೋಡುವವರಿಲ್ಲ. ಆಟದ ನಿಯಮ, ನಕಾಶೆ, ಶತ್ರುಗಳು ಎಲ್ಲ ಪುಸ್ತಕದಲ್ಲಿರುತ್ತವೆ. ಆ ಪುಸ್ತಕಗಳು ಬಹಳಮಟ್ಟಿಗೆ ಇಂಗ್ಲಿಷಿನವು, ಈಗೀಗ ಪರದೆಯ ಮೇಲೆ ಓದುವಂಥವು. ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಕಲ್ಯಾಣಿ, ಕೃಷ್ಣೆ ತುಂಗಭದ್ರೆಯರ ನಡುವಿನ ತಮ್ಮ ನೆಲದ ಮೇಲೆಯೇ ಕನ್ನಡದಲ್ಲಿ ಇಂಥದೊಂದು ಆಟ ಬರೆದಿದ್ದರು. ಹೆಸರು ‘ಎಡದೊರೆಯ ಕಾವಲು’. ಬರೆಯುತ್ತ ಬರೆಯುತ್ತ ಅದನ್ನು ಈ ಕೋಣೆಯಲ್ಲೇ ಆಡಿಸಿ ನೋಡಿದ್ದರು. ಕನ್ನಡದ ಪ್ರಕಾಶಕರು ಯಾರೂ ಮುಟ್ಟಲಿಲ್ಲ. ಕೊನೆಗೆ ಹೈದರಾಬಾದಿನ ಒಂದು ಸಣ್ಣ ಕಂಪನಿ ಒಪ್ಪಿಕೊಂಡಿತು. ಆದರೆ ಅವರ ಅಂಗಡಿಯಲ್ಲಿ ಪುಸ್ತಕಕ್ಕೆ ಬೀಗವಿರುತ್ತದೆ. ಕೊಂಡವನ ಒಂದೇ ಯಂತ್ರದಲ್ಲಿ, ಅವರದೇ ಆ್ಯಪಿನಲ್ಲಿ ತೆರೆಯಬೇಕು. ಇನ್ನೊಬ್ಬರಿಗೆ ಕಳಿಸಲಾಗದು, ಹಾಳೆಗೆ ಇಳಿಸಲಾಗದು.

“ನಾ ಕೊಳ್ಳಂಗಿಲ್ಲ ನೋಡ್ರಿ ಅಕ್ಕಾರ,” ಅಂದ ಅಂಬರೀಶ. ಮಾನ್ವಿ ರಸ್ತೆಯಲ್ಲಿ ಅವನ ಮನೆಯವರ ರೈಸ್ ಮಿಲ್ಲಿದೆ. ಮಾತು ಯಾವುದೇ ಇರಲಿ ಅವನು ಅದನ್ನು ಅಕ್ಕಿಗೆ ತಂದು ನಿಲ್ಲಿಸುತ್ತಿದ್ದ. “ನಿಮ್ಮ ಮ್ಯಾಲ ಸಿಟ್ಟಿಲ್ಲ. ಆದ್ರ ಚೀಲ ನಮ್ಮ ಮನಿಯಾಗ, ಅದರ ಕೀಲಿಕೈ ಮಾರಿದವನ ಕಿಸೆದಾಗ ಅಂದ್ರ ಅದು ವ್ಯಾಪಾರ ಅಲ್ರಿ.”

“ಹಂಗಾರ ನನ್ನ ಪುಸ್ತಕ ಓದಂಗಿಲ್ಲಾ?”

“ಓದಂಗಿಲ್ಲ. ಕೊಂಡೂ ಓದಂಗಿಲ್ಲ, ಕದ್ದೂ ಓದಂಗಿಲ್ಲ.”

ಮಾನ್ವಿಯ ಬಸ್‌ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಯಲ್ಲಾಲಿಂಗ ನಕ್ಕ. “ಅಂಬರೀಶಣ್ಣಂದು ಉಪವಾಸ ವ್ರತ ಆತು. ನನಗ ಹಂಗಿಲ್ರಿ. ಕೀಲಿ ಕಂಡ್ರ ಕೈ ತುರಸ್ತದ.”

“ತುರಸಕೋ ಬ್ಯಾಡ,” ಅಂದರು ಕಲ್ಯಾಣಿ. “ಮೂರು ವರ್ಷ ಬರದೀನಿ.”

ಸಂಜೀವ ಈ ವಾದಕ್ಕೆ ಬಾಯಿ ಹಾಕಲಿಲ್ಲ. ಅವನು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೀಗದ ಪುಸ್ತಕಗಳನ್ನು ಅವನು ಬಹಳ ದಿನದಿಂದ ಕೊಳ್ಳುತ್ತ ಬಂದಿದ್ದ. ಸಂಬಳ ಶುರುವಾದ ಮೇಲೆ ಅವನು ತನಗಾಗಿ ಮಾಡಿಕೊಂಡ ಒಂದೇ ಚಟ ಅದು. ಡಿಗ್ರಿ ಮುಗಿಯುವವರೆಗೂ ಅವನು ಓದಿದ್ದು ಬೇರೆಯವರ ಪುಸ್ತಕ. ಮೊದಲ ಹಾಳೆಯಲ್ಲಿ ಯಾವನದೋ ಹೆಸರು, ಅಂಚಿನಲ್ಲಿ ಯಾವನದೋ ಅಕ್ಷರ, ಪರೀಕ್ಷೆ ಮುಗಿದ ಮಧ್ಯಾಹ್ನವೇ ತಿರುಗಿ ಕೊಡಬೇಕು. ಈ ಕಂಪನಿಯ ಪುಸ್ತಕದಲ್ಲಿ ಪ್ರತಿ ಹಾಳೆಯ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಸಂಜೀವ ಹಂಪಯ್ಯನವರ ಪ್ರತಿ’ ಅಂತ ತಾನಾಗಿ ಮೂಡುತ್ತಿತ್ತು. ಕಳ್ಳತನವಾದರೆ ಗುರುತು ಹಿಡಿಯಲಿಕ್ಕೆ ಅದನ್ನು ಹಾಕುತ್ತಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಅವನಿಗೆ ಇಷ್ಟ. ಒಮ್ಮೆ ಅಪ್ಪನಿಗೂ ತೋರಿಸಿದ್ದ. ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಬೆನ್ನು ಬಗ್ಗಿಸಿಕೊಂಡಿದ್ದ ಹಂಪಯ್ಯ ಪರದೆಯನ್ನು ದೂರ ಹಿಡಿದು ನೋಡಿ, “ಅವರಿಗಿ ನಾ ಯಾರಂತ ಹೆಂಗ ಗೊತ್ತಾತಲೇ?” ಅಂತ ಕೇಳಿದ್ದ.

ಕಲ್ಯಾಣಿಯವರ ಪುಸ್ತಕ ಫೋನಿನಲ್ಲಿ ತೆರೆಯಿತು, ಆದರೆ ಓದಲಿಕ್ಕಾಗಲಿಲ್ಲ. ನಕಾಶೆಗಳು ಎಷ್ಟು ದೊಡ್ಡವೆಂದರೆ ಮುದಗಲ್ಲಿನ ಕೋಟೆ ಕಂಡರೆ ಕೆರೆ ಕಾಣುತ್ತಿರಲಿಲ್ಲ, ಕೆರೆ ಹಿಗ್ಗಿಸಿದರೆ ಕೋಟೆ ಓಡಿಹೋಗುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ತೆರೆಯಲು ಹೋದರೆ ಈ ಯಂತ್ರಕ್ಕೆ ಅನುಮತಿಯಿಲ್ಲ ಅಂತ ಬಂತು. ಕಂಪನಿಗೆ ಬರೆದ. ನಿಮ್ಮ ದೂರು ನಮಗೆ ಮುಖ್ಯ ಅಂತ ಉತ್ತರ ಬಂತು, ಆಮೇಲೆ ಏನೂ ಬರಲಿಲ್ಲ. ಕೊನೆಗೆ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿ ಮಾನ್ವಿಗೆ ಹೋದ.

ಯಲ್ಲಾಲಿಂಗ ಪಾಸ್‌ವರ್ಡ್ ಕೇಳಿದ. ಸಂಜೀವ ಹೇಳಿದ. ಇಬ್ಬರೂ ಚಹಾ ಕುಡಿದು ಮುಗಿಸುವುದರೊಳಗೆ ಯಲ್ಲಾಲಿಂಗ ಲ್ಯಾಪ್‌ಟಾಪನ್ನು ಇತ್ತ ತಿರುಗಿಸಿದ. ಎರಡು ನದಿಗಳ ನಡುವಿನ ಇಡೀ ಸೀಮೆ ಒಂದೇ ಹಾಳೆಯಲ್ಲಿ ಹಾಸಿಕೊಂಡಿತ್ತು.

“ಅನುಮತಿ ಕೊಟ್ರೇನು ಅವರು?”

“ಅವರೇನು ಕೊಡ್ತಾರ್ರಿ ಸರ. ಕೀಲಿ ತಗದು ಮೂಲ್ಯಾಗ ಇಟ್ಟೆ. ಇನ್ನ ಎಲ್ಲಿ ಬೇಕಾದ್ರೂ ತೆರೀರಿ.”

ಸಂಜೀವನಿಗೆ ಇದು ಸರಿಬರಲಿಲ್ಲ. ಆದರೆ ಕಣ್ಣು ನಕಾಶೆಯ ಮೇಲಿತ್ತು. “ಯಾರಿಗೂ ಕೊಡಬ್ಯಾಡ ಮತ್ತ,” ಅಂದ.

“ಯಾರಿಗಿ ಕೊಡ್ಲಿ ಬಿಡ್ರಿ,” ಅಂದ ಯಲ್ಲಾಲಿಂಗ.

ಮಳೆಗಾಲ ಕಳೆದು ದಸರೆ ರಜೆ ಮುಗಿದ ಮೇಲೆ ಕಂಪನಿಯಿಂದ ಮೇಲ್ ಬಂತು. ಅವನ ಹೆಸರಿದ್ದ ಪ್ರತಿ ಸಾರ್ವಜನಿಕವಾಗಿ ಹರಿದಾಡುತ್ತಿದೆ, ಷರತ್ತು ಮುರಿದದ್ದಕ್ಕೆ ಅವನ ಖಾತೆ ಮುಚ್ಚಲಾಗಿದೆ. ಸಂಜೀವ ಆ್ಯಪ್ ತೆರೆದು ನೋಡಿದ. ಹೋದದ್ದು ಕಲ್ಯಾಣಿಯವರ ಪುಸ್ತಕವೊಂದೇ ಅಲ್ಲ. ಆ ಅಂಗಡಿಯಲ್ಲಿ ಅವನು ವರ್ಷಗಟ್ಟಲೆ ಕೊಂಡಿದ್ದ ಎಲ್ಲ ಪುಸ್ತಕಗಳ ಜಾಗದಲ್ಲಿ ಬೂದು ಚೌಕಗಳಿದ್ದವು. ಸಹಾಯವಾಣಿಗೆ ಫೋನ್ ಮಾಡಿದ. ಹುಡುಗಿಯೊಬ್ಬಳು ತೆಲುಗು ಬೆರೆತ ಹಿಂದಿಯಲ್ಲಿ ಬಹಳ ನಯವಾಗಿ ಮಾತಾಡಿದಳು. ಅವಳು ಹೇಳಿದ್ದರ ಸಾರ ಇಷ್ಟು: ಸರ್, ನೀವು ಪುಸ್ತಕ ಕೊಂಡಿರಲಿಲ್ಲ, ಓದುವ ಅನುಮತಿ ಕೊಂಡಿದ್ದಿರಿ, ಅನುಮತಿ ಈಗ ಇಲ್ಲ.

ಅವನ ತಾಯಿ ಗೋಪಮ್ಮ ಜೋಳ ಹಸನು ಮಾಡುತ್ತ ಕುಳಿತಿದ್ದವಳು ಮಗನ ಮುಖ ನೋಡಿದಳು. “ಏನಾತೋ ಯಪ್ಪಾ?”

“ಪುಸ್ತಕ ಹೋದ್ವು ಯವ್ವಾ.”

“ಎಲ್ಲಿಗಿ ಹೋದ್ವು? ಕಪಾಟಿನ್ಯಾಗ ಅದಾವಲ್ಲ.”

“ಅವಲ್ಲ ಬೇ. ಫೋನಿನ್ಯಾಗಿನವು.”

ಗೋಪಮ್ಮ ಮೊರದಲ್ಲಿಂದ ಒಂದು ಕಲ್ಲು ಆರಿಸಿ ಒಗೆದಳು. “ಕಳವಾದ್ವಾ?”

ಸಂಜೀವ ಫೋನನ್ನು ಜೇಬಿಗಿಟ್ಟ. “ನಾನ ಕಳ್ಳ ಅಂತ,” ಅಂದ.

ಅವಳಿಗೆ ಅದು ಅರ್ಥವಾಗಲಿಲ್ಲ. ಆದರೆ ಆ ಮಾತಿಗೆ ಅವಳ ಕೈ ನಿಂತಿತು. ಮಗನನ್ನು ಶಾಲೆಗೆ ಕಳಿಸಿದ ಮೊದಲ ದಿನದಿಂದ ಯಾರೂ ಆ ಮಾತು ಅನ್ನದ ಹಾಗೆ ಅವಳು ಬೆಳೆಸಿದ್ದಳು. “ಯಾವನಂದಾನ? ಹೆಸರು ಹೇಳು,” ಅಂದಳು. ಹೇಳಲಿಕ್ಕೆ ಅವನಲ್ಲಿ ಹೆಸರಿರಲಿಲ್ಲ.

ಶನಿವಾರ ಅವನು ಮತ್ತೆ ಮಾನ್ವಿಗೆ ಹೋದ. ಜಗಳವಾಡಬೇಕೆಂದೇ ಹೋದದ್ದು. ಆದರೆ ಯಲ್ಲಾಲಿಂಗ ಏನನ್ನೂ ಮುಚ್ಚಿಡಲಿಲ್ಲ.

“ನಾ ಇಂಟರ್‌ನೆಟ್‌ಗೆ ಹಾಕಿಲ್ರಿ ಸರ, ಅವ್ವನಾಣಿ. ನರ್ಸಿಂಗ್ ಓದೋ ಪಕೀರಮ್ಮ ಅಂತ ಒಬ್ಬಾಕಿ ಫೋನ್ ರಿಪೇರಿಗಿ ಬಂದಿದ್ದಳು. ಮ್ಯಾಜಿನ ಮ್ಯಾಲ ದಾಳ ನೋಡಿ ಏನ್ ಅಣ್ಣ ಇದು ಅಂದಳು. ಹೇಳಿದೆ. ಆಡಬೇಕು ಅಂದಳು. ಪುಸ್ತಕ ಇಲ್ದ ಹೆಂಗ ಆಡ್ತಾಳ್ರಿ? ನನ್ನ ಕಡಿ ನಿಮ್ಮ ಪುಸ್ತಕದ ನಕಲು ಉಳದಿತ್ತು. ಕೊಟ್ಟೆ. ಆಕಿ ಗೆಳತ್ಯಾರ ಗ್ರೂಪಿಗಿ ಹಾಕ್ಯಾಳ, ಅಲ್ಲಿಂದ ಅದು ಎಲ್ಲೆಲ್ಲಿ ಹೋಗ್ಯದೋ.”

“ನನ್ನ ಹೆಸರು?”

“ಹೆಸರು ತಗೀಬೇಕಂತ ಹೊಳೀಲೇ ಇಲ್ರಿ.” ಅವನ ದನಿ ಈಗ ಇಳಿದಿತ್ತು. “ಹಾಳಿ ಕೆಳಗ ಚಂದ ಕಾಣಾಕತ್ತಿತ್ತು. ಇರಲಿ ಬಿಡು ಅಂದೆ.”

ಸಂಜೀವನಿಗೆ ಬೈಗುಳ ಬಾಯಿಯವರೆಗೆ ಬಂತು. ಆದರೆ ಪಾಸ್‌ವರ್ಡ್ ಹೇಳಿದ್ದು ತಾನೇ, ನಕಾಶೆ ನೋಡಿ ಹಿಗ್ಗಿದ್ದೂ ತಾನೇ. “ಅವರು ಎಲ್ಲಿ ಆಡ್ತಾರ?” ಅಂತಷ್ಟೇ ಕೇಳಿದ.

ಅಮೀರ್ ಸಾಬರ ಝೆರಾಕ್ಸ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಒಂದು ಖಾನಾವಳಿ. ಮಧ್ಯಾಹ್ನದ ಊಟ ಮುಗಿದ ಮೇಲೆ ಅಲ್ಲಿ ಗಿರಾಕಿಗಳಿರುವುದಿಲ್ಲ. ಮೂಲೆಯ ಮೇಜಿನ ಸುತ್ತ ಐವರು ಕುಳಿತಿದ್ದರು. ಮೂವರು ನರ್ಸಿಂಗ್ ಹುಡುಗಿಯರು, ಇಬ್ಬರು ಹುಡುಗರು. ಮೇಜಿನ ನಡುವೆ ಝೆರಾಕ್ಸ್ ಹಾಳೆಗಳ ಕಟ್ಟು. ಮೂಲೆಗಳು ಮುದುಡಿದ್ದವು, ಒಂದರ ಮೇಲೆ ಸಾರಿನ ಕಲೆಯಿತ್ತು. ಕತೆ ನಡೆಸುತ್ತಿದ್ದ ಹುಡುಗಿ ಎದ್ದು ನಿಂತು ಕೈಬೀಸಿ ಹೇಳುತ್ತಿದ್ದಳು. ಶತ್ರುಗಳು ಕೆರೆ ಏರಿಯ ಮೇಲೆ ಬಂದಿದ್ದಾರೆ, ತೂಬು ಒಡೆದರೆ ಅವರು ಕೊಚ್ಚಿಹೋಗುತ್ತಾರೆ, ಆದರೆ ಕೆಳಗೆ ಊರಿದೆ.

“ಒಡದುಬಿಡೂನು,” ಅಂದ ಒಬ್ಬ. ಅವನು ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ಅಂಜಿನೇಯ.

“ಊರಿನ ಮಂದಿ?”

“ಅವರ ದಾಳ ಯಾರು ಒಗೀಬೇಕು? ನೀನಾ, ನಾವಾ? ಅದನ್ನ ಬರದಿಲ್ಲ ನೋಡು ಇದರಾಗ.”

“ಬರದದ,” ಅಂದ ಸಂಜೀವ ಬಾಗಿಲಲ್ಲಿ ನಿಂತೇ. “ಒಡದವನೇ ಒಗೀಬೇಕು. ಒಂದೊಂದು ಮನಿಗೂ ಬ್ಯಾರೆ ಬ್ಯಾರೆ. ಕೆರೆ ಅಧ್ಯಾಯದ ಕಡೀ ಹಾಳಿ.”

ಅವರು ಹಾಳೆ ಹುಡುಕಿದರು. ಇತ್ತು. ಆ ನಿಯಮ ಹುಟ್ಟಿದ್ದೇ ಸಂಜೀವನ ಜಗಳದಿಂದ. ಎರಡು ವರ್ಷದ ಹಿಂದೆ ರಾಯಚೂರಿನ ಕೋಣೆಯಲ್ಲಿ ಅಂಬರೀಶ ನಗುನಗುತ್ತ ತೂಬು ಒಡೆದಾಗ, ಕೆಳಗಿನ ಕೇರಿಯವರ ಲೆಕ್ಕ ಯಾರು ಕೊಡಬೇಕು ಅಂತ ಇವನು ದನಿ ಏರಿಸಿದ್ದ. ಮರುವಾರ ಕಲ್ಯಾಣಿ ಈ ನಿಯಮ ಬರೆದು ತಂದಿದ್ದರು.

“ನೀವು ಯಾರ್ರಿ?” ಅಂದಳು ನಿಂತಿದ್ದ ಹುಡುಗಿ. ಅವಳೇ ಪಕೀರಮ್ಮ.

“ದೇವದುರ್ಗದವ. ಸಂಜೀವ ಅಂತ.”

ಅವಳು ಹಾಳೆಯ ಕೆಳಗೆ ನೋಡಿದಳು, ಅವನನ್ನು ನೋಡಿದಳು. “ಸಂಜೀವ ಹಂಪಯ್ಯ?” ಕುರ್ಚಿಗಳು ಸರಿದವು, ಐವರೂ ಎದ್ದು ನಿಂತರು. “ಸರ, ನೀವು ಬರದಿದ್ದೇನ್ರಿ ಇದು? ಪ್ರತಿ ಹಾಳಿಗೂ ನಿಮ್ಮ ಹೆಸರದ! ನಾವು ಇದಕ್ಕ ಸಂಜೀವ ಸರ್ ಆಟ ಅಂತೀವ್ರಿ.”

ಖರ್ಚು ಉಳಿಸಲು ಅವರು ಮುಖಪುಟ, ಮುನ್ನುಡಿ, ಹಕ್ಕುಗಳ ಹಾಳೆ ಯಾವುದನ್ನೂ ಛಾಪಿಸಿರಲಿಲ್ಲ. ಕಲ್ಯಾಣಿಯವರ ಹೆಸರಿದ್ದದ್ದು ಅಲ್ಲಿ ಮಾತ್ರ. ಇದು ಸಂಜೀವನಿಗೆ ಆ ಕ್ಷಣವೇ ತಿಳಿಯಿತು. ನಾನಲ್ಲ ಅನ್ನಬೇಕಿತ್ತು. ಒಂದೇ ಮಾತು. ಆದರೆ ಅಂಜಿನೇಯ ಆಗಲೇ ಕುರ್ಚಿ ಒರೆಸಿ ಮುಂದಕ್ಕೆ ತಳ್ಳಿದ್ದ, ಯಾರೋ ಚಹಾ ಹೇಳಿದ್ದರು, ಪಕೀರಮ್ಮ ಕೇಳಬೇಕೆಂದು ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಗಳನ್ನು ಒಂದರ ಮೇಲೊಂದು ಕೇಳುತ್ತಿದ್ದಳು. ಸಂಜೀವ ಕುಳಿತ. ಉತ್ತರ ಹೇಳಿದ. ಎಲ್ಲದಕ್ಕೂ ಅವನಲ್ಲಿ ಉತ್ತರವಿತ್ತು. ಬಸ್ಸಿನ ಹೊತ್ತಾಗಿ ಎದ್ದಾಗ ಅವರೆಲ್ಲ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದರು.

ದೇವದುರ್ಗದವರೆಗೂ ಅವನಿಗೆ ಒಳ್ಳೆಯದೆನಿಸಿತು. ಮನೆಯ ಬಾಗಿಲು ದೂಡುವಾಗ ಮಾತ್ರ, ಕಂಪನಿ ತನ್ನ ಮೇಲೆ ಹೊರಿಸಿದ ಕಳ್ಳನೆಂಬ ಹೆಸರು ನೆನಪಾಗಿ, ಇವತ್ತು ಅದನ್ನು ಖರೆ ಮಾಡಿ ಬಂದೆನೇನೋ ಅನಿಸಿತು.

ಮರುದಿನ ರಾಯಚೂರಿನಲ್ಲಿ ಕಲ್ಯಾಣಿ ಆಟ ಶುರು ಮಾಡಲಿಲ್ಲ. ಕಂಪನಿ ಅವರಿಗೂ ಬರೆದಿತ್ತು. ಸೋರಿದ್ದು ಸಂಜೀವನ ಪ್ರತಿಯೆಂದು ತಿಳಿಸಿ, ಅವನ ಮೇಲೆ ದೂರು ಕೊಡಲು ಲೇಖಕಿಯ ಒಪ್ಪಿಗೆ ಕೇಳಿತ್ತು. ಅವರು ಅದನ್ನು ಓದಿ ಹೇಳಿದರು. ಯಲ್ಲಾಲಿಂಗ ಅವತ್ತು ಬಂದಿರಲಿಲ್ಲ. ಸಂಜೀವ ಅವನ ಹೆಸರನ್ನೂ ಹೇಳಿ, ಪಾಸ್‌ವರ್ಡ್ ಕೊಟ್ಟದ್ದು ತಾನೆಂದೂ, ಮಾನ್ವಿಯಲ್ಲಿ ಕೆಲವರು ಅದನ್ನು ಆಡುತ್ತಿದ್ದಾರೆಂದೂ ಹೇಳಿದ.

“ನಾ ಮೊದಲ ಹೇಳಿದ್ದೆ,” ಅಂದ ಅಂಬರೀಶ. “ಕೀಲಿಕೈ ಅವರ ಕಡಿ ಅದ ಅಂತ.”

“ಹೇಳಿದ್ರಿ,” ಅಂದ ಸಂಜೀವ. “ನಿಮಗೇನು ಹೋತು? ನೀವು ಕೊಂಡೂ ಇಲ್ಲ, ಓದಿಯೂ ಇಲ್ಲ. ನಿಮ್ಮ ಹೆಸರು ಎಲ್ಲೂ ಇಲ್ಲ.”

ಇಷ್ಟು ವರ್ಷದಲ್ಲಿ ಸಂಜೀವ ಅಂಬರೀಶನಿಗೆ ಎದುರು ಮಾತಾಡಿದ್ದು ಆಟದೊಳಗೆ ಮಾತ್ರ.

ಕಲ್ಯಾಣಿ ಕೇಳಿದರು, “ಮಾನ್ವಿಯೊಳಗ ಚಂದ ಆಡ್ತಾರೇನು?”

“ಭಾಳ ಚಂದ ಆಡ್ತಾರ್ರಿ ಅಕ್ಕಾರ. ತೂಬಿನ ಮುಂದ ನಿಂತು ಒಂದು ತಾಸು ಜಗಳ ಮಾಡಿದ್ರು.”

ಅವರ ಮುಖ ಸ್ವಲ್ಪ ಅರಳಿತು. “ನನ್ನ ಬಗ್ಗೆ ಏನರ ಅಂದ್ರೇನು?”

ಸಂಜೀವ ಮೇಜಿನ ಮೇಲಿನ ದಾಳವೊಂದನ್ನು ತಿರುಗಿಸುತ್ತ ಕುಳಿತ. ಆಮೇಲೆ ಹೇಳಿಬಿಟ್ಟ. ಮುಖಪುಟ ಇಲ್ಲದ್ದು, ಹಾಳೆಯ ಕೆಳಗಿನ ಹೆಸರು, ಅವರು ಕೊಟ್ಟ ಕುರ್ಚಿ, ತಾನು ಸುಮ್ಮನಿದ್ದದ್ದು. ಒಂದನ್ನೂ ಬಿಡಲಿಲ್ಲ.

ಕೆಳಗೆ ಓಣಿಯಲ್ಲಿ ಗುಜರಿಯವನು ಕೂಗುತ್ತ ಹೋದ.

“ಕದ್ದು ಓದಿದ್ರ ಓದ್ಲಿ,” ಅಂದರು ಕಲ್ಯಾಣಿ ಕೊನೆಗೆ. “ನಾನೂ ಸಣ್ಣಾಕಿದ್ದಾಗ ಹಂಗ ಓದೀನಿ. ಆದ್ರ ನೀ ಅಲ್ಲಿ ಕುಂತು ಚಹಾ ಕುಡದಿ ನೋಡು ಸಂಜೀವ, ಅದು ನನಗ ಚುಚ್ಚಾಕತ್ತದ.”

ಅವನು ತಲೆ ತಗ್ಗಿಸಿದ. ತಪ್ಪಾಯಿತು ಅಂದ. ಅವರು ಆಯಿತು ಅನ್ನಲಿಲ್ಲ. ಅವತ್ತು ಆಟ ನಡೆಯಲಿಲ್ಲ.

ಆದರೂ ಕಲ್ಯಾಣಿ ಕಂಪನಿಗೆ ಒಪ್ಪಿಗೆ ಕೊಡಲಿಲ್ಲ. ಇವನು ನನ್ನ ಜೊತೆ ಕುಳಿತು ಆ ಪುಸ್ತಕ ಕಟ್ಟಿದವನು, ಅವನ ಮೇಲೆ ದೂರಿಲ್ಲ, ಅವನ ಖಾತೆ ತೆರೆದುಕೊಡಿ ಅಂತ ಬರೆದರು. ಕಂಪನಿ ಖಾತೆ ತೆರೆಯಲಿಲ್ಲ. ಬದಲಿಗೆ, ಲೇಖಕರು ಸಹಕರಿಸದಿದ್ದರೆ ಮುಂದಿನ ವರ್ಷಕ್ಕೆ ಕರಾರು ಮುಂದುವರಿಸುವುದಿಲ್ಲ ಅಂತ ತಿಳಿಸಿತು. ಕಲ್ಯಾಣಿ ಮಣಿಯಲಿಲ್ಲ, ಕಂಪನಿ ಮುಂದುವರಿಸಲೂ ಇಲ್ಲ. ಸಂಜೀವ ತಾನೂ ಒಂದು ಮೇಲ್ ಬರೆದ. ಬೀಗ ಯಾಕೆ ತೆಗೆಸಬೇಕಾಯಿತೆಂದು, ತಾನು ಮೊದಲು ಕೊಟ್ಟ ದೂರಿಗೆ ಉತ್ತರ ಬರಲಿಲ್ಲವೆಂದು. ನಿಮ್ಮ ದೂರು ನಮಗೆ ಮುಖ್ಯ ಅಂತ ಉತ್ತರ ಬಂತು.

ಕೆಲವು ವಾರ ಬಿಟ್ಟು ಕಲ್ಯಾಣಿ ತಾವಾಗಿಯೇ ಫೋನ್ ಮಾಡಿದರು. “ಮಾನ್ವಿಗಿ ಹೋಗೂನು ನಡಿ. ನನಗ ಆ ಹುಡುಗ್ಯಾರನ್ನ ನೋಡಬೇಕಾಗ್ಯದ.”

ಸಂಜೀವ ಕಲ್ಮಲದ ಕ್ರಾಸಿನಲ್ಲಿ ಇಳಿದು ರಾಯಚೂರಿನಿಂದ ಬರುವ ಬಸ್ಸಿಗೆ ಕಾದ. ಕಲ್ಯಾಣಿ ಕಿಟಕಿಯ ಬದಿ ಅವನಿಗೆ ಜಾಗ ಹಿಡಿದಿದ್ದರು. ದಾರಿಯಲ್ಲಿ ಕಾಲೇಜಿನ ಮಾತಾಡಿದರು, ಆ ವಿಷಯ ಎತ್ತಲಿಲ್ಲ. ಖಾನಾವಳಿಯಲ್ಲಿ ಐವರೂ ಇದ್ದರು.

“ನಿಮಗ ಒಂದು ಮಾತು ಹೇಳಬೇಕ್ರಿ,” ಅಂದ ಸಂಜೀವ. “ಇದನ್ನ ಬರದವರು ಇವರು, ಕಲ್ಯಾಣಿ ಮೇಡಂ. ಅವತ್ತು ನಾ ಹೇಳಬೇಕಿತ್ತು, ಹೇಳಲಿಲ್ಲ. ನಾ ಇದನ್ನ ಕೊಂಡವ ಅಷ್ಟ.”

ಅಂಜಿನೇಯ ಸಂಜೀವನನ್ನು ನೋಡಿದ ನೋಟದಲ್ಲಿ ಹಿಂದಿನ ಸಲದ ಗೌರವ ಇರಲಿಲ್ಲ. ಪಕೀರಮ್ಮ ಮಾತ್ರ ಹಾಳೆಗಳನ್ನು ಸರಿಮಾಡಿ ಕಲ್ಯಾಣಿಯವರ ಮುಂದಿಟ್ಟಳು. “ಕೊಳ್ಳಬೇಕಂದಿದ್ವಿ ಮೇಡಂ, ಖರೇನ. ಆದ್ರ ಒಂದು ಫೋನಿಗಿ ಒಂದೇ ಅಂತ. ನಾವು ಐದು ಮಂದಿ ಅದೀವಿ. ಒಬ್ಬರ ಫೋನು ಎಲ್ಲಾರೂ ಇಣುಕಿ ನೋಡಿದ್ರ ಆಟ ಹೆಂಗ ಆಗ್ತದ್ರಿ?”

ಕಲ್ಯಾಣಿ ಹಾಳೆಗಳನ್ನು ತಿರುವಿ ಹಾಕಿದರು. “ಹೆಂಗ ಅನಸ್ತು ಪುಸ್ತಕ?” ಅಂದರು.

“ಕೆರೆ ಅಧ್ಯಾಯ ಭಾಳ ಛಲೋ ಅದ್ರಿ. ಕೋಟಿ ಅಧ್ಯಾಯ ಬ್ಯಾಸರ. ಬರೇ ಗ್ವಾಡಿ ಅಳತಿ ಬರದೀರಿ.”

ಕಲ್ಯಾಣಿ ಸರಿಯಾಗಿ ಕೇಳಿಸದವರ ಹಾಗೆ ಅವಳನ್ನೇ ನೋಡಿದರು. ಕೋಟೆಗಳ ಮೇಲೆ ಅವರು ಪಿಎಚ್‌ಡಿ ಮಾಡಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, “ಯಾವ ಗ್ವಾಡಿ? ತೋರಸು,” ಅಂದರು. ಇಬ್ಬರೂ ಅದರ ಮೇಲೆ ವಾದಕ್ಕಿಳಿದರು. ಇಳಿಹೊತ್ತಿನ ಬಸ್ಸು ತಪ್ಪಿತು, ಮುಂದಿನದಕ್ಕೆ ಹೋದರು.

ಯುಗಾದಿಯ ಹೊತ್ತಿಗೆ ಕರಾರು ಮುಗಿದು ಪುಸ್ತಕ ಕಲ್ಯಾಣಿಯವರ ಕೈಗೆ ಮರಳಿತು. ಕೋಟೆ ಅಧ್ಯಾಯವನ್ನು ಅರ್ಧಕ್ಕೆ ಇಳಿಸಿ, ಅಮೀರ್ ಸಾಬರ ಅಂಗಡಿಯಲ್ಲೇ ಛಾಪಿಸಿ ಹೊಲಿಸಿದರು. ಫೈಲು ಬೇಕೆಂದವರಿಗೆ ಬೀಗವಿಲ್ಲದೆ ಮಾರಿದರು. ಕಂಪನಿಯಿಂದ ಬರುತ್ತಿದ್ದುದಕ್ಕಿಂತ ಹೆಚ್ಚೇನೂ ಬರಲಿಲ್ಲ. ಹಳೆಯ ಝೆರಾಕ್ಸ್ ಕಟ್ಟುಗಳು ಕವಿತಾಳದವರೆಗೂ ಹೋಗಿ ಅಲ್ಲೇ ತಿರುಗುತ್ತಿದ್ದವು. ಅಂಬರೀಶ ಕೊಂಡು ಓದಿದ, ಒಂದು ಇಸವಿ ತಪ್ಪಿದೆ ಅಂತ ಹೇಳಿದ. ಯಲ್ಲಾಲಿಂಗ ಭಾನುವಾರದ ಆಟಕ್ಕೆ ತಿರುಗಿ ಬರಲಿಕ್ಕೆ ತಿಂಗಳುಗಳೇ ಬೇಕಾದವು. ಬಂದವನು ಮೂಲೆಯಲ್ಲಿ ಕುಳಿತು, ಕಳ್ಳನ ಪಾತ್ರ ಬೇಡ ಅಂದ.

ಸಂಜೀವನ ಪುಸ್ತಕಗಳು ಸಿಗಲಿಲ್ಲ. ಬೇಸಿಗೆ ರಜೆಯಲ್ಲಿ ಅವನು ತಾಯಿಯ ಫೋನಿನ ನಂಬರಿನಿಂದ ಅದೇ ಅಂಗಡಿಯಲ್ಲಿ ಹೊಸ ಖಾತೆ ತೆರೆದು, ಕಳೆದುಕೊಂಡವುಗಳಲ್ಲಿ ತನಗೆ ಬಹಳ ಬೇಕಾಗಿದ್ದ ಒಂದನ್ನು ಮತ್ತೆ ಕೊಂಡ. ಇದು ಅಂಬರೀಶನಿಗೆ ಗೊತ್ತಾಯಿತು.

“ಅಷ್ಟೆಲ್ಲ ಆದ ಮ್ಯಾಲೂನೂ?” ಅಂದ ಅವನು. “ಮತ್ತ ಅವರ ಕೀಲಿಗೇ ರೊಕ್ಕ ಕೊಟ್ರ್ಯಾ?”

“ಓದಬೇಕನಸ್ತು,” ಅಂದ ಸಂಜೀವ. “ಬ್ಯಾರೆ ಕಡಿ ಸಿಗಂಗಿಲ್ಲ.”

ಉಳಿದವನ್ನು ಅವನು ಕೊಳ್ಳಲಿಲ್ಲ. ಆದರೆ ಶನಿವಾರಗಳಂದು ಬಿಡುವಿದ್ದಾಗಲೆಲ್ಲ ಮಾನ್ವಿಗೆ ಹೋಗುತ್ತಾನೆ. ಅಲ್ಲಿ ಈಗ ಯಾರೂ ಅವನಿಗಾಗಿ ಕುರ್ಚಿ ಒರೆಸುವುದಿಲ್ಲ. ತಡವಾಗಿ ಹೋದರೆ ಪಕೀರಮ್ಮ ಕತೆ ನಿಲ್ಲಿಸುವುದೂ ಇಲ್ಲ, ಕೈಸನ್ನೆಯಲ್ಲೇ ಕೂಡಲು ಹೇಳಿ ಮುಂದುವರಿಸುತ್ತಾಳೆ, ಅವನು ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ತನ್ನ ಸರದಿಗೆ ಕಾಯುತ್ತಾನೆ.